ಪದಚರ್ಚೆ: ಆಟಗಾರ ಹತ್ತಲಾಗದ ಇಳಿಜಾರಿಗೆ ಕನ್ನಡದಲ್ಲಿ ಏನೆನ್ನಬೇಕು?

> ಆಗುಂಬೆ ಘಾಟಿಯನ್ನು ಹೋಲುವ ಹಂತವೊಂದನ್ನು ವಿಡಿಯೊ ಗೇಮ್‌ಗಾಗಿ ರೂಪಿಸುತ್ತಿದ್ದೇವೆ. ಟೆರೇನ್ (ನೆಲದ ಮೇಲ್ಮೈ), ಹತ್ತಲಾಗದ ಕಡಿದಾದ ಇಳಿಜಾರು, ಆಂಬಿಯಂಟ್ ಲೈಟ್ (ಸುತ್ತೆಲ್ಲ ಹರಡಿದ ಬೆಳಕು), ಮರಗಳ ನಡುವೆ ಇಳಿಯುವ ಬಿಸಿಲಿನ ಕಿರಣ, ಇವಕ್ಕೆ ನಾಳೆ ಸಂಜೆಯೊಳಗೆ ಪದಗಳು ಬೇಕು.

>> ಧರಾತಲ, ದುರಾರೋಹ ಪ್ರವಣ, ಪರಿವೇಶ ಪ್ರಕಾಶ, ರಶ್ಮಿಪುಂಜ. ಮಲೆನಾಡಿನ ‘ಧರೆ’ಯೂ ಸಂಸ್ಕೃತದ ಧರಾ ಶಬ್ದವೇ.

ಮೊದಲು ಉತ್ತರಿಸಿದವರು ಸೂಚಿಸಿದ ‘ದುರಾರೋಹ ಪ್ರವಣ’ ಬೇಡವೇ ಬೇಡ. ಬಾಯಲ್ಲಿ ಬದುಕಿರುವ ಪದವಿರುವಾಗ ಹೊಸದನ್ನು ಹೊಸೆಯುವ ಚಟವನ್ನು ಬಿಡಬೇಕು.

ಮಳೆಗಾಲ ಬಂತೆಂದರೆ ನಮ್ಮ ಕಡೆಯ ಪತ್ರಿಕೆಗಳಲ್ಲಿ ‘ಧರೆ ಕುಸಿತ’ದ ಸುದ್ದಿ ತಪ್ಪುವುದಿಲ್ಲ. ರಸ್ತೆಗೋ ಮನೆಗೋ ಗುಡ್ಡ ಕಡಿದಾಗ ನೆಟ್ಟಗೆ ನಿಲ್ಲುವ ಮಣ್ಣಿನ ಗೋಡೆಯೇ ಈ ‘ಧರೆ’. ತುಳುವರು ಇದನ್ನೇ ‘ಬರೆ’ ಎನ್ನುತ್ತಾರೆ. ಇನ್ನು ಧರಾ ಎಂದರೆ ಇಡೀ ಭೂಮಿ. ಇಡೀ ಭೂಮಿ ಒಬ್ಬರ ಹಿತ್ತಿಲಿನಲ್ಲಿ ಹೇಗೆ ಕುಸಿಯುತ್ತದೆ? ಸಂಸ್ಕೃತದ ನಂಟು ಬೇಕೇ ಬೇಕೆಂದರೆ ಸೀಳು, ಕಂದರ ಎಂಬ ಅರ್ಥದ ‘ದರೀ’ ಇದೆ. ಕಡಿದು ಸೀಳಿದ ಜಾಗಕ್ಕೆ ಅದೇ ಹೆಚ್ಚು ಹತ್ತಿರ. ಹಾಗಾಗಿ ಮಹಾಪ್ರಾಣವಿಲ್ಲದ ‘ದರೆ’ಯೇ ಸರಿ ಎಂಬುದು ನನ್ನ ಪಕ್ಷ. ಪತ್ರಿಕೆಯವರು ದಕಾರದ ಹೊಟ್ಟೆ ಸೀಳಿ ಬರೆದ ಮಾತ್ರಕ್ಕೆ ಅರ್ಥ ಬದಲಾಗುವುದಿಲ್ಲ.

ನಿಮ್ಮ ಕೆಲಸಕ್ಕೂ ಈ ಪದ ಚೆನ್ನಾಗಿ ಹೊಂದುತ್ತದೆ. ಪಾತ್ರ ಎಷ್ಟು ಕಡಿದಾದ ನೆಲವನ್ನು ಹತ್ತಬಲ್ಲದು ಎಂಬುದಕ್ಕೆ ಗೇಮ್ ಎಂಜಿನ್‌ಗಳಲ್ಲಿ (ಆಟ ಕಟ್ಟುವ ತಂತ್ರಾಂಶಗಳಲ್ಲಿ) ಮಿತಿ ಇರುತ್ತದೆ. ಯೂನಿಟಿ ಎಂಬ ಎಂಜಿನ್‌ನಲ್ಲಿ, ನಾವು ಬದಲಿಸದಿದ್ದರೆ, ಅದು 45 ಡಿಗ್ರಿ. ಮಿತಿಯೊಳಗಿದ್ದರೆ ಇಳಿಜಾರು, ಮೀರಿದರೆ ದರೆ. ಕಲ್ಲಿನದಾದರೆ ಬಂಡೆ ಎಂದರೆ ಸಾಕು.

ಟೆರೇನ್‌ಗೆ ಒಂದೇ ಪದ ಹುಡುಕುವುದು ವ್ಯರ್ಥ. ಬೂದುಬಣ್ಣದ ಏರಿಳಿತದಿಂದ ನೆಲದ ಎತ್ತರವನ್ನು ತಿಳಿಸುವ ಚಿತ್ರಕ್ಕೆ ‘ಎತ್ತರನಕ್ಷೆ’ ಎನ್ನಿ. (ಅದನ್ನು 16 ಬಿಟ್‌ನಲ್ಲೇ ಉಳಿಸಿ, 8 ಬಿಟ್‌ನಲ್ಲಿ ಎತ್ತರಕ್ಕೆ 256 ಮಟ್ಟಗಳಷ್ಟೇ ಸಿಗುವುದರಿಂದ ಗುಡ್ಡ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.) ಆಟಗಾರನಿಗೆ ಕಾಣುವ ಹೆಸರುಗಳಾಗಿ ಕಾನು, ಬ್ಯಾಣ, ಸೊಪ್ಪಿನಬೆಟ್ಟ, ಮಕ್ಕಿಗದ್ದೆ ಇರಲಿ. ಕಾನು ಎಂದರೆ ದಟ್ಟ ನಿತ್ಯಹರಿದ್ವರ್ಣ ಕಾಡು, ಬ್ಯಾಣ ಎಂದರೆ ದನ ಮೇಯುವ ಹುಲ್ಲುಗಾವಲು, ಸೊಪ್ಪಿನಬೆಟ್ಟ ಎಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಮಕ್ಕಿಗದ್ದೆ ಎಂದರೆ ಮಳೆ ನಂಬಿದ ಎತ್ತರದ ಗದ್ದೆ. ಹೆಸರಿನಲ್ಲೇ ಬೆಳಕಿನ ಅಂದಾಜೂ ಸಿಗುತ್ತದೆ: ಕಾನಿನ ಬುಡದಲ್ಲಿ ಮಬ್ಬು, ಬ್ಯಾಣದಲ್ಲಿ ತೆರೆದ ಆಕಾಶ.

ಆಂಬಿಯಂಟ್ ಲೈಟ್ ವಿಷಯದಲ್ಲಂತೂ ಕನ್ನಡ ಯಾರಿಂದಲೂ ಸಾಲ ಪಡೆಯಬೇಕಾಗಿಲ್ಲ. ಸೂರ್ಯನಿಂದ ನೇರವಾಗಿ ಬಿದ್ದು ಚೂಪಾದ ನೆರಳು ಕೊಡುವುದು ‘ಬಿಸಿಲು’. ಮೋಡ, ಆಕಾಶ, ಎಲೆಗಳಿಂದ ಚದುರಿ ಬರುವುದು ಬರೀ ‘ಬೆಳಕು’. ‘ಬಿಸಿಲಿಲ್ಲ, ಆದರೆ ಬೆಳಕಿದೆ’ ಎಂದರೆ ಮಕ್ಕಳಿಗೂ ಅರ್ಥವಾಗುತ್ತದೆ. ನೇರ ಬೆಳಕನ್ನೂ ಹರಡಿದ ಬೆಳಕನ್ನೂ ಹೊಂದಿಸುವ ಎರಡು ನಿಯಂತ್ರಣಗಳಿಗೆ ಈ ಎರಡು ಹೆಸರುಗಳನ್ನೇ ಇಡಿ. ‘ಪರಿವೇಶ ಪ್ರಕಾಶ’ ಎಂದು ಬರೆದರೆ ಅದಕ್ಕೊಂದು ವಿವರಣೆಯನ್ನೂ ಬರೆಯಬೇಕಾಗುತ್ತದೆ. ಇರುಳಿನ ದೃಶ್ಯಕ್ಕೆ ಬೆಳದಿಂಗಳು ಇದ್ದೇ ಇದೆ. ಕಿರಣಕ್ಕೆ ‘ಬಿಸಿಲುಕೋಲು’.

ನಾನು ಎರವಲಿನ ವಿರೋಧಿಯಲ್ಲ. ಗೇಮ್, ಎಂಜಿನ್, ಪಿಕ್ಸೆಲ್ ಹಾಗೆಯೇ ಇರಲಿ. ಘಾಟಿಯೂ ಹೊರಗಿನಿಂದ ಬಂದು ನಮ್ಮದಾದ ಪದವೇ. ಇಲ್ಲದ್ದನ್ನು ತರುವುದು ಎರವಲು. ಇರುವುದನ್ನು ಅಟ್ಟಿ ಅದರ ಜಾಗದಲ್ಲಿ ಧರಾತಲವನ್ನು ಕೂರಿಸುವುದನ್ನು ಎರವಲು ಎನ್ನಲಾರೆ. ಇತ್ತ, ಗೇಮ್ ಎಂಬುದನ್ನೂ ಕಿತ್ತೊಗೆಯಿರಿ ಎಂದು ಹೊರಡುವ ಅಚ್ಚಗನ್ನಡದವರಿಗೂ ನನ್ನ ಉತ್ತರ ಇದೇ: ಚಲಾವಣೆಯಲ್ಲಿರುವುದನ್ನು ಮುಟ್ಟಬೇಡಿ.

ನಿಮ್ಮ ಹಂತ ಯಾವ ಕಾಲದ್ದೆಂದು ತಿಳಿಸಿಲ್ಲ. ಆಗುಂಬೆಯ ಜಡಿಮಳೆಯ ದಿನಗಳದ್ದಾದರೆ ಬಿಸಿಲನ್ನು ಸೊನ್ನೆಗಿಳಿಸಿ ಬೆಳಕನ್ನಷ್ಟೇ ಉಳಿಸಿ, ಆಗ ಬಿಸಿಲುಕೋಲಿನ ಅಗತ್ಯವೇ ಬೀಳುವುದಿಲ್ಲ. ಮಳೆ ಹಿಂದೆಗೆದ ಮೇಲಿನ ಬೆಳಗು ಎಂದಾದರೆ ಕಾನಿನೊಳಗೆ ಮಂಜನ್ನೂ ಸೇರಿಸಿ, ಏಕೆಂದರೆ ಬೆಳಕನ್ನು ಚದುರಿಸುವ ಹನಿಯೋ ಧೂಳೋ ಇಲ್ಲದೆ ಕೋಲು ಕಣ್ಣಿಗೆ ಬೀಳುವುದಿಲ್ಲ. ದರೆಯ ಕಾಗುಣಿತದ ಜಗಳ ಮುಂದುವರಿಸುವವರು ದಯವಿಟ್ಟು ಬೇರೆ ಎಳೆ ಆರಂಭಿಸಿ. ಪ್ರಶ್ನೆ ಕೇಳಿದವರಿಗೆ ನಾಳೆ ಸಂಜೆಯವರೆಗಷ್ಟೇ ಸಮಯವಿದೆ.