ನೈನ್ತ್ ಹೌಸ್ ನೂರು ಪುಟಕ್ಕೇ ನಿಂತಿದೆ, ಮುಂದೆ ಓದ್ಲಾ ಬಿಡ್ಲಾ?

ಕಾಳಿತೀರ, ಕಾರವಾರ:
ಲೀ ಬಾರ್ಡುಗೊ ಬರೆದ ನೈನ್ತ್ ಹೌಸ್ ಯಾರಾದ್ರೂ ಪೂರ್ತಿ ಓದಿದೀರಾ? ಕಾಲೇಜು, ಮಂತ್ರ, ಹಾಸ್ಟೆಲ್ ಅಂತೆಲ್ಲ ನೋಡಿ ಮಕ್ಕಳ ಮ್ಯಾಜಿಕ್ ಸ್ಕೂಲ್ ಕತೆ ತರ ಇರ್ತದೆ ಅಂದ್ಕಂಡು ತರಿಸಿದ್ದೆ, ಮೊದಲ ಅಧ್ಯಾಯದಲ್ಲೇ ಜೀವ ಇರೋ ಮನುಷ್ಯನ ಹೊಟ್ಟೆ ಕುಯ್ದು ಕರುಳು ನೋಡಿ ಶೇರ್ ಮಾರ್ಕೆಟ್ ಭವಿಷ್ಯ ಹೇಳ್ತಾರೆ ಮಾರಾಯ್ರೆ, ನಾ ಬಂಗಡೆ ಸಾರು ಉಣ್ತಾ ಓದ್ತಿದ್ದೆ, ತಟ್ಟೆ ದೂಡಿ ಎದ್ದೆ. ಅದು ಹೋಗ್ಲಿ, ಒಂದು ಅಧ್ಯಾಯ ಚಳಿಗಾಲ ಅಂತದೆ ಇನ್ನೊಂದು ಹಿಂದಿನ ಶರತ್ಕಾಲ ಅಂತದೆ, ನಮಗೆ ಇಲ್ಲಿ ಮಳೆಗಾಲ ಒಂದೇ ಗೊತ್ತು. ಪುಸ್ತಕದ ರಟ್ಟು ಆಗ್ಲೇ ತಂಡಿಗೆ ಬಾಳೆ ಎಲೆ ತರ ಸುರುಳಿ ಆಗಿದೆ. ಪಿಯುಸಿ ತಂಗಿ ಬೇರೆ ಕೇಳ್ತಿದಾಳೆ, ಕೊಡ್ಬಹುದಾ?

ಅಘನಾಶಿನಿ:
ತಂಗಿಗೆ ಸದ್ಯ ಬೇಡ. ಲೇಖಕಿ ಮುಂಚೆ ಟೀನೇಜ್‌ನವ್ರಿಗೇ ಬರೀತಿದ್ದೋರು, 2019ರ ಇದೇ ಅವ್ರ ಮೊದಲ ದೊಡ್ಡವ್ರ ಕಾದಂಬರಿ, ಹೆಸ್ರು ನೋಡಿ ತಗಂಡ್ರೆ ಹಿಂಗೇ ಆಗ್ತದೆ. ಡ್ರಗ್ಸು, ಅತ್ಯಾಚಾರ ಎಲ್ಲ ಇದೆ. ನೀವು ಬಿಡಬೇಡಿ. ಚಳಿಗಾಲ ಅಂದ್ರೆ ನಾಯಕಿ ಅಲೆಕ್ಸ್‌ದು ಈಗಿನ ಕತೆ, ಶರತ್ಕಾಲ ಅಂದ್ರೆ ಅವಳಿಗೆ ಕಲಿಸೋ ಡಾರ್ಲಿಂಗ್ಟನ್ ಇನ್ನೂ ಕಾಣೆ ಆಗದೇ ಇದ್ದಾಗಿಂದು, ಅಷ್ಟು ಹಿಡ್ಕಂಡ್ರೆ ಆಯ್ತು. ಮತ್ತೆ ಕತೇಲಿ ಹೊಟ್ಟೆ ಕುಯ್ಯೋ ಸ್ಕಲ್ ಅಂಡ್ ಬೋನ್ಸ್ ಅನ್ನೋ ಸಂಘ ಇದೆಯಲ್ಲ, ಅದು ಕಟ್ಟುಕತೆ ಅಲ್ಲ, 1832ರಿಂದ ಅಮೆರಿಕದ ಯೇಲ್ ಯೂನಿವರ್ಸಿಟೀಲಿ ಇರೋ ಗುಪ್ತ ಸಂಘ, ಅವರ ಕಟ್ಟಡಕ್ಕೆ ಗೋರಿ ಅಂತನೇ ಹೆಸ್ರು. 2004ರ ಅಮೆರಿಕ ಅಧ್ಯಕ್ಷ ಚುನಾವಣೇಲಿ ಎದುರುಬದುರು ನಿಂತ ಬುಷ್, ಕೆರಿ ಇಬ್ರೂ ಅದೇ ಸಂಘದ ಹಳೇ ಹುಡುಗ್ರು! ಲೇಖಕಿನೂ ಯೇಲಲ್ಲೇ ಓದಿದ್ದು.

ತೋಟದಮನೆ, ಶಿರಸಿ:
ನಂಗೆ ಮಜಾ ಅನ್ಸಿದ್ದು ಅದರಲ್ಲಿ ದೆವ್ವಗಳೇ ಸಾವಿನ ಮಾತಿಗೆ ಹೆದ್ರೋದು, ಸಾವು ನೆನಪಿಸೋ ಸಾಲು ಅಂದ್ರೆ ಸಾಕು ಓಡ್ತವೆ. ನಮ್ಮನೇಲಿ ಉಲ್ಟಾ, ಮೂರ್ಸಂಜೇಲಿ ಯಾರದ್ದಾದ್ರೂ ಸಾವಿನ ಸುದ್ದಿ ತೆಗೆದ್ರೆ ಅಜ್ಜಿ ಬತ್ತಿ ಹೊಸೀತಾ "ದೀಪ ಹಚ್ಚೋ ಹೊತ್ತು, ಬಾಯ್ಮುಚ್ಚು" ಅಂತಿತ್ತು. ಮತ್ತೆ ಓದಿದವ್ರ ದೆವ್ವ ನಮಗೆ ಹೊಸದಾ? ವಿದ್ಯೆ ಕಲ್ತು ಯಾರಿಗೂ ಹೇಳಿಕೊಡದೇ ಸತ್ತವನೇ ಅಲ್ದಾ ಬ್ರಹ್ಮರಾಕ್ಷಸ ಆಗೋದು. ಧಾರವಾಡದಲ್ಲಿ ಎಂಎ ಮಾಡುವಾಗ ನನ್ನ ರೂಮ್‌ಮೇಟ್ ಒಬ್ಬ ನೋಟ್ಸ್ ಟ್ರಂಕಲ್ಲಿಟ್ಟು ಬೀಗ ಹಾಕ್ತಿದ್ದ, ಅವಂಗೆ ಯಾವ ಅಶ್ವತ್ಥಮರ ಬುಕ್ ಆಗಿದೆಯೋ.

ಉಪ್ಪುನೀರು:
ನಂಗೆ ನೈನ್ತ್ ಹೌಸ್ ಅರ್ಧಕ್ಕೇ ಬೋರು, ರಕ್ತ ಜಾಸ್ತಿ ಆಯ್ತು. ಆರ್. ಎಫ್. ಕುವಾಂಗ್ ಅವರ ಬೇಬಲ್ ಓದಿ, 2022ರದ್ದು, 1830ರ ದಶಕದ ಆಕ್ಸ್‌ಫರ್ಡ್. ಬೆಳ್ಳಿ ಪಟ್ಟಿ ಮೇಲೆ ಎರಡು ಭಾಷೆಯ ಜೋಡಿ ಪದ ಕೆತ್ತೋದು, ಅನುವಾದದಲ್ಲಿ ಕಳೆದುಹೋಗೋ ಅರ್ಥ ಇದೆಯಲ್ಲ ಅದೇ ಮಂತ್ರಶಕ್ತಿ. ಆಕ್ಸ್‌ಫರ್ಡಿನವ್ರಿಗೆ ಚೀನಾದ ಕ್ಯಾಂಟನ್ ಹುಡುಗ, ಕಲ್ಕತ್ತಾ ಹುಡುಗ ಇವ್ರ ಭಾಷೆ ಬೇಕು, ಇವ್ರು ಬೇಡ, ಬ್ರಿಟಿಷರ ಅಫೀಮು ವ್ಯಾಪಾರದ ತನಕ ಹೋಗ್ತದೆ. ಅಡಿಟಿಪ್ಪಣಿ ಸ್ವಲ್ಪ ತಲೆ ತಿಂತದೆ. ಓದಿ ಮುಗಿಸಿ ನಾ ಒಂದು ವಾರ ಇದೇ ಆಟ ಆಡ್ದೆ, ಒಂದು ಕಡೆ ಎಂಜಲು ಅಂತ ಕೆತ್ತಿದ್ರೆ ಇನ್ನೊಂದು ಕಡೆ ಇಂಗ್ಲಿಷಲ್ಲಿ ಎಂತ ಹಾಕ್ತೀರಿ? ಏನು ಹಾಕಿದ್ರೂ ಅರ್ಧ ಉಳೀತದೆ, ಊರಿಗೆಲ್ಲ ಕರೆಂಟ್ ಕೊಡ್ಬಹುದು ಆ ಬೆಳ್ಳೀಲಿ.

ಕಾಳಿತೀರ, ಕಾರವಾರ:
ಥ್ಯಾಂಕ್ಸ್, ಅಲೆಕ್ಸ್ ಕತೆ ಮುಂದುವರಿಸ್ತೀನಿ, ಊಟ ಆದ್ಮೇಲೆ ಮಾತ್ರ. ಬೇಬಲ್ ಆರ್ಡರ್ ಮಾಡಿದೆ. ಆದ್ರೆ ಉಪ್ಪುನೀರು ಅವ್ರೇ, ಎಂಜಲಿಗೆ ನಾವು ಮನೇಲಿ ಕೊಂಕಣೀಲಿ ಉಷ್ಟೆಂ ಅಂತೀವಿ, ಅರ್ಥ ಒಂದಗಳೂ ಉಳೀದೆ ಆಚೆ ದಾಟ್ತದೆ, ಹಂಗಾಗಿ ಕಾರವಾರದಲ್ಲಿ ನಿಮ್ಮ ಬೆಳ್ಳಿ ವರ್ಕ್ ಆಗಲ್ಲ.