ಕೇಬಲ್ ಟಿವಿ ಸೆಟ್-ಟಾಪ್ ಬಾಕ್ಸ್ ಅಪ್‌ಡೇಟ್ 40 ಪರ್ಸೆಂಟ್‌ಗೆ ನಿಂತು ಮತ್ತೆ ಸೊನ್ನೆಯಿಂದ ಶುರು: ಬಿಟ್‌ರೇಟ್ ಏರಿಸಬೇಕಾ?

ಮಂಡ್ಯ ಹೆಡ್‌ಎಂಡ್:
ನಮ್ಮ ಹೆಡ್‌ಎಂಡ್‌ (ಚಾನೆಲ್‌ಗಳನ್ನು ಕೇಬಲ್‌ಗೆ ಬಿಡುವ ಕೇಂದ್ರ) ಕೆಳಗೆ ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ ಸೇರಿ 9,000 ಬಾಕ್ಸ್, ಎರಡು ಮಾಡೆಲ್. ಅಪ್‌ಡೇಟ್ ಫೈಲ್ 16 ಎಂಬಿ, ಒಂದೇ ಮಾಡ್ಯೂಲ್ (ಅಂದರೆ ತುಂಡು ಮಾಡದೆ). ಕ್ಯಾರಿಯರ್ (ಚಾನೆಲ್‌ಗಳನ್ನು ಹೊರುವ ಸಿಗ್ನಲ್) 64 ಕ್ವಾಮ್ ಮಾಡ್ಯುಲೇಷನ್, ಸಿಂಬಲ್ ರೇಟ್ ಸೆಕೆಂಡಿಗೆ 6.875 ಮಿಲಿಯನ್. ಕ್ಯಾರೌಸೆಲ್‌ಗೆ (ಫೈಲನ್ನು ಸುತ್ತು ಸುತ್ತಾಗಿ ಮತ್ತೆ ಮತ್ತೆ ಕಳಿಸೋದು) 500 ಕೆಬಿಪಿಎಸ್ ಕೊಟ್ಟು ರಾತ್ರಿ 2ರಿಂದ 5ರವರೆಗೆ ಓಡಿಸ್ತಿದ್ದೀವಿ. ಹಳ್ಳಿ ಲೈನ್‌ಗಳಲ್ಲಿ ಬಹಳಷ್ಟು ಬಾಕ್ಸ್ ಹಳೇ ವರ್ಷನ್‌ನಲ್ಲೇ ಉಳಿದಿವೆ. 2 ಎಂಬಿಪಿಎಸ್ ಮಾಡಿದ್ರೆ ಸರಿಹೋಗುತ್ತಾ?

ಮೈಸೂರು ಮಕ್ಸ್:
ಮೊದಲು ಸಮಯ ಬದಲಾಯಿಸಿ ಸರ್. ರಾತ್ರಿ ಮಲಗುವಾಗ ಜನ ಬೋರ್ಡಿನ ಸ್ವಿಚ್ಚನ್ನೇ ಆಫ್ ಮಾಡ್ತಾರೆ. 2 ಗಂಟೆಗೆ ಆ ಬಾಕ್ಸ್‌ಗೆ ಕರೆಂಟೇ ಇರಲ್ಲ. ಕ್ಯಾರೌಸೆಲ್‌ಗೆ ಒಂದು ಬಾಕ್ಸ್ ಆದರೂ 9,000 ಆದರೂ ಖರ್ಚು ಒಂದೇ. ರೀಡ್-ಸಾಲಮನ್ (ತಪ್ಪು ತಿದ್ದಲು ಸೇರಿಸುವ ಹೆಚ್ಚುವರಿ ಬೈಟ್‌ಗಳು) ಕಳೆದ ಮೇಲೆ ನಿಮ್ಮ ಕ್ಯಾರಿಯರ್‌ನಲ್ಲಿ 38 ಎಂಬಿಪಿಎಸ್ ಇದೆ, ನಲ್ (ಖಾಲಿ) ಪ್ಯಾಕೆಟ್‌ಗಳ ಜಾಗದಲ್ಲೇ 500 ಕೆಬಿಪಿಎಸ್ ಸಿಗುತ್ತೆ. ಮೂರು ವಾರ ಹಗಲೂ ರಾತ್ರಿ ಬಿಡಿ. ಬಾಕ್ಸ್ ಆನ್ ಆದಾಗ ವರ್ಷನ್ ನೋಡಲಿ, ಸ್ಟ್ಯಾಂಡ್‌ಬೈಗೆ ಹೋದಾಗ ಇಳಿಸಿಕೊಳ್ಳಲಿ. ಧಾರಾವಾಹಿ ಮಧ್ಯೆ ಬಲವಂತದ ಅಪ್‌ಡೇಟ್ ಬೇಡವೇ ಬೇಡ.

ಲೈನ್ ಮತ್ತು ಲೋಡರ್:
ನಿಮ್ಮ ನಿಜವಾದ ತೊಂದರೆ "ಒಂದೇ ಮಾಡ್ಯೂಲ್" ಅನ್ನೋದರಲ್ಲಿದೆ. ಮಾಡ್ಯೂಲ್ ಬ್ಲಾಕ್‌ಗಳಾಗಿ ಹೋಗುತ್ತೆ. ಒಂದು ಬ್ಲಾಕ್ ಹೆಚ್ಚೆಂದರೆ 4,066 ಬೈಟ್, ಅಂದರೆ ಸುಮಾರು 22 ಟಿಎಸ್ (ಟ್ರಾನ್ಸ್‌ಪೋರ್ಟ್ ಸ್ಟ್ರೀಮ್) ಪ್ಯಾಕೆಟ್. ಅದರಲ್ಲಿ ಒಂದು ಕೆಟ್ಟರೂ ಸಿಆರ್‌ಸಿ (ದೋಷ ಪರೀಕ್ಷೆ) ತಪ್ಪಿ ಇಡೀ ಬ್ಲಾಕ್ ಹೋಗುತ್ತೆ. 16 ಎಂಬಿಗೆ ಸುಮಾರು 4,130 ಬ್ಲಾಕ್, 90,000 ಪ್ಯಾಕೆಟ್. ಹತ್ತು ಸಾವಿರಕ್ಕೊಂದು ಪ್ಯಾಕೆಟ್ ಕೆಡುವ ಲೈನ್‌ನಲ್ಲಿ ಸುತ್ತಿಗೆ ಒಂಬತ್ತು ಬ್ಲಾಕ್ ತಪ್ಪುತ್ತೆ. ಒಳ್ಳೆ ಲೋಡರ್ (ಬಾಕ್ಸ್‌ನಲ್ಲಿ ಅಪ್‌ಡೇಟ್ ಇಳಿಸುವ ಪ್ರೋಗ್ರಾಂ) ಆ ಒಂಬತ್ತನ್ನು ಮಾತ್ರ ಮುಂದಿನ ಸುತ್ತಿನಲ್ಲಿ ಹಿಡಿಯುತ್ತೆ. ನಿಮ್ಮದು ಒಂದು ತಪ್ಪಿದರೆ ಇಡೀ ಮಾಡ್ಯೂಲ್ ಬಿಸಾಕ್ತಿದೆ, ಹಾಗಾಗಿ ಯಾವತ್ತೂ ಮುಗಿಯಲ್ಲ. ಬಿಟ್‌ರೇಟ್ ಏರಿಸಿದರೆ ಸುತ್ತು ನಾಲ್ಕೂವರೆ ನಿಮಿಷದಿಂದ ಒಂದು ನಿಮಿಷ ಚಿಲ್ಲರೆಗೆ ಇಳಿಯುತ್ತೆ ಅಷ್ಟೇ, ತಪ್ಪುವ ಬ್ಲಾಕ್ ಅಷ್ಟೇ ಇರುತ್ತೆ.

ಫೈಲನ್ನು 256 ಕೆಬಿಯ 64 ಮಾಡ್ಯೂಲ್ ಮಾಡಿ. ಅದೇ ಕೆಟ್ಟ ಲೈನ್‌ನಲ್ಲೂ ಒಂದೊಂದು ಮಾಡ್ಯೂಲ್ ಮೊದಲ ಸಲವೇ ಬರುವ ಸಾಧ್ಯತೆ 85 ಪರ್ಸೆಂಟ್ ದಾಟುತ್ತೆ. ಉಳಿದವು ಎರಡು ಮೂರು ಸುತ್ತಿನಲ್ಲಿ ಬರುತ್ತವೆ. ನಿಮ್ಮ ಲೋಡರ್ ಹಲವು ಮಾಡ್ಯೂಲ್ ತಗೊಳ್ಳುತ್ತಾ ಅಂತ ಬಾಕ್ಸ್ ಕಂಪನಿಯಲ್ಲಿ ಕೇಳಿಯೇ ಮಾಡಿ.

ಜೊತೆಗೆ ಕೊನೇ ಟ್ಯಾಪ್‌ನಲ್ಲಿ (ಮನೆಗಳಿಗೆ ಕೇಬಲ್ ಕವಲೊಡೆಯುವ ಜಾಗ) ಎಂಇಆರ್ (ಸಿಗ್ನಲ್ ಎಷ್ಟು ಶುದ್ಧ ಅನ್ನೋ ಅಳತೆ) ಅಳೆಯಿರಿ, 30 ಡಿಬಿಗಿಂತ ಕೆಳಗಿರಬಾರದು. ಲೆವೆಲ್ ಚೆನ್ನಾಗಿದೆ ಅಂತ ಬಿಡಬೇಡಿ: ಆಂಪ್ಲಿಫೈಯರ್ ಓವರ್‌ಲೋಡ್ ಆದರೆ ಲೆವೆಲ್ ಜೋರಾಗೇ ಇರುತ್ತೆ, ಎಂಇಆರ್ ಬಿದ್ದಿರುತ್ತೆ.

ಮಂಡ್ಯ ಹೆಡ್‌ಎಂಡ್:
ಎರಡು ಮಾಡೆಲ್‌ಗೆ ಒಂದೇ ಪಿಐಡಿ (ಪ್ಯಾಕೆಟ್‌ಗಳ ಗುರುತಿನ ನಂಬರ್) ಸಾಕಾ?

ಮೈಸೂರು ಮಕ್ಸ್:
ಬೇಡ, ಬೇರೆ ಬೇರೆ ಕೊಡಿ. ಎನ್‌ಐಟಿ (ನೆಟ್‌ವರ್ಕ್ ಮಾಹಿತಿ ಪಟ್ಟಿ) ಲಿಂಕೇಜ್‌ನಲ್ಲಿ, ಅಂದರೆ ಅಪ್‌ಡೇಟ್ ಎಲ್ಲಿದೆ ಅಂತ ಬಾಕ್ಸ್‌ಗೆ ಹೇಳುವ ಭಾಗದಲ್ಲಿ, ತಯಾರಕರ ಓಯುಐ (ಕಂಪನಿಯ ಗುರುತಿನ ಸಂಖ್ಯೆ) ಸರಿಯಿದೆಯಾ, ಫೈಲಿನಲ್ಲಿ ಹಾರ್ಡ್‌ವೇರ್ ವರ್ಷನ್ ಸರಿಯಿದೆಯಾ ಎರಡೂ ನೋಡಿ. ಲಿಂಕೇಜ್ ಬದಲಿಸಿದ ಮೇಲೆ ಎನ್‌ಐಟಿ ವರ್ಷನ್ ನಂಬರ್ ಏರಿಸೋದು ಮರೆತರೆ ಬಾಕ್ಸ್‌ಗಳು ಹಳೇದನ್ನೇ ಹಿಡಿದು ಕೂರುತ್ತವೆ. ಫ್ಲಾಷ್ (ಬಾಕ್ಸ್‌ನ ಮೆಮೊರಿ) ಅಳಿಸುವ ಮೊದಲೇ ಫೈಲಿನ ಡಿಜಿಟಲ್ ಸಹಿ ಪರೀಕ್ಷೆ ಮುಗಿಯಬೇಕು. ಬರೆಯುವಾಗ ಕರೆಂಟ್ ಹೋದರೂ ಬೂಟ್‌ಲೋಡರ್ (ಬಾಕ್ಸನ್ನು ಶುರು ಮಾಡಿಸುವ ಪ್ರೋಗ್ರಾಂ) ಉಳಿಯುತ್ತಾ ಅಂತ ಎರಡೂ ಮಾಡೆಲ್‌ನ ಐದೈದು ಬಾಕ್ಸ್‌ನಲ್ಲಿ ಪ್ಲಗ್ ಕಿತ್ತು ನೋಡಿ. ಅದಾದ ಮೇಲೆ ಸೀರಿಯಲ್ ನಂಬರ್ ಪ್ರಕಾರ 100 ಬಾಕ್ಸ್, ಎರಡು ದಿನ ಬಿಟ್ಟು ಉಳಿದವು.