ಗೋಲ್ಡ್‌ಶ್ಮಿಟ್ ವರ್ಗೀಕರಣ ನಿಮಗೆ ತಲೆಗೆ ಹತ್ತಿದ್ದು ಹೇಗೆ?

ಕೇಳಿದವರು: ಎಂಎಸ್ಸಿ ಭೂವಿಜ್ಞಾನ, ಮೊದಲ ಸೆಮಿಸ್ಟರ್. ಧಾತುಗಳನ್ನು ಅವು ಯಾವುದರ ಜೊತೆ ಸೇರುತ್ತವೆ ಎಂದು ನೋಡಿ ಭೂರಸಾಯನ ವಿಜ್ಞಾನಿ ಗೋಲ್ಡ್‌ಶ್ಮಿಟ್ ಮಾಡಿದ ಲಿಥೊಫೈಲ್, ಸಿಡೆರೊಫೈಲ್, ಚಾಲ್ಕೊಫೈಲ್, ಅಟ್ಮೊಫೈಲ್ ಪಟ್ಟಿಯನ್ನು ಎಷ್ಟು ಸಲ ಬಾಯಿಪಾಠ ಮಾಡಿದರೂ ಮರುದಿನ ಕಲಸಿಹೋಗುತ್ತದೆ. ಭಾರದ ಧಾತು ಒಳಗೆ, ಹಗುರದ್ದು ಮೇಲೆ ಅಂತ ಇಟ್ಟುಕೊಂಡರೆ ನಡೆಯುತ್ತದಾ? ಕಲಿತವರು ಹೇಳಿ.

ಉತ್ತರ 1: ದಯವಿಟ್ಟು ಭಾರದ ಲೆಕ್ಕ ಬಿಟ್ಟುಬಿಡಿ. ನಾನು ಅದನ್ನೇ ನಂಬಿಕೊಂಡು ಒಂದಿಡೀ ವರ್ಷ ಎಡವಿದ್ದೇನೆ. ಯುರೇನಿಯಂ, ಚಿನ್ನ ಎರಡೂ ನೀರಿಗಿಂತ ಸುಮಾರು 19 ಪಟ್ಟು ಸಾಂದ್ರ. ಆದರೆ ಚಿನ್ನದ ಬಹುಪಾಲು ಕಬ್ಬಿಣದ ಬೆನ್ನು ಹತ್ತಿ ಕೇಂದ್ರಗೋಳಕ್ಕೆ ಇಳಿಯಿತು, ಯುರೇನಿಯಂ ಮೇಲೆ ಗ್ರಾನೈಟ್‌ನಲ್ಲಿ ಸೇರಿಕೊಂಡಿತು. ಯುರೇನಿಯಂ ಆಕ್ಸಿಜನ್ನನ್ನು ಬಿಟ್ಟಿರುವುದಿಲ್ಲ, ಚಿನ್ನಕ್ಕೆ ಅದರ ಗೊಡವೆಯೇ ಬೇಡ. ಹಾಗಾಗಿ ಪ್ರತಿ ಧಾತುವಿಗೂ ಒಂದೇ ಪ್ರಶ್ನೆ ಹಾಕಿ: ಆಕ್ಸಿಜನ್, ಗಂಧಕ, ಕರಗಿದ ಕಬ್ಬಿಣ ಮೂರೂ ಎದುರಿಗಿದ್ದರೆ ಇದು ಯಾರ ಕೈ ಹಿಡಿಯುತ್ತದೆ? ಸೋಡಿಯಂ, ಅಲ್ಯೂಮಿನಿಯಂ ಆಕ್ಸಿಜನ್ ಕಡೆ (ಲಿಥೊಫೈಲ್). ಸತು, ಸೀಸ ಗಂಧಕದ ಕಡೆ (ಚಾಲ್ಕೊಫೈಲ್). ನಿಕ್ಕಲ್, ಪ್ಲಾಟಿನಂ ಕಬ್ಬಿಣದ ಕಡೆ (ಸಿಡೆರೊಫೈಲ್). ಆರ್ಗಾನ್ ಯಾರಿಗೂ ಸೇರದೆ ಗಾಳಿಯಲ್ಲಿ (ಅಟ್ಮೊಫೈಲ್). 1920ರ ದಶಕದಲ್ಲಿ ಗೋಲ್ಡ್‌ಶ್ಮಿಟ್ ಈ ವಿಂಗಡಣೆಗೆ ಬಂದದ್ದು ಉಲ್ಕಾಶಿಲೆ ಮತ್ತು ಅದಿರು ಕರಗಿಸುವ ಕುಲುಮೆ ನೋಡಿ. ಅಲ್ಲಿ ಮೇಲೆ ಕಿಟ್ಟ, ನಡುವೆ ಗಂಧಕ ಬೆರೆತ ಪದರ, ತಳದಲ್ಲಿ ಲೋಹ. ಆ ಕುಲುಮೆಯ ಚಿತ್ರ ನೀವೇ ಕೈಯಾರೆ ಬರೆಯಿರಿ, ಅರ್ಧ ಕೆಲಸ ಮುಗಿಯಿತು.

ಉತ್ತರ 2: ನನಗೆ ಹತ್ತಿದ್ದು ಮೂಗಿನಿಂದ. ಲ್ಯಾಬ್‌ನಲ್ಲಿ ಸ್ಫ್ಯಾಲರೈಟ್ (ಸತು, ಗಂಧಕ ಸೇರಿದ ಖನಿಜ) ಚೂರನ್ನು ಸ್ಟ್ರೀಕ್ ಪ್ಲೇಟಿನ ಮೇಲೆ ಗಟ್ಟಿಯಾಗಿ ಉಜ್ಜಿದೆ. ತಿಳಿಹಳದಿ ಗೆರೆ ಬಿತ್ತು, ಜೊತೆಗೇ ಕೊಳೆತ ಮೊಟ್ಟೆಯ ಸಣ್ಣ ವಾಸನೆ. ಸತು ಯಾರ ಮನೆಯದು ಅಂತ ಆಮೇಲೆ ಮರೆತೇ ಇಲ್ಲ. ಕ್ಯಾಡ್ಮಿಯಂ ಕೂಡ ಅದೇ ಖನಿಜದೊಳಗೆ ಸತುವಿನ ಜಾಗ ಹಿಡಿದು ಕೂತಿರುತ್ತದೆ.

ಉತ್ತರ 3: ಸಿಡೆರೊಫೈಲ್‌ಗೆ ಇರಿಡಿಯಂ ನೆನಪಿಡಿ. ಕೇಂದ್ರಗೋಳಕ್ಕೆ ಇಳಿದುಹೋದ್ದರಿಂದ ಭೂಕವಚದಲ್ಲಿ ಅದು ತೀರಾ ಅಪರೂಪ. ಅದಕ್ಕೇ ಇಟಲಿಯ ಗುಬ್ಬಿಯೊ ಬಳಿಯ ತೆಳು ಜೇಡಿಪದರದಲ್ಲಿ ಅದು ಹೆಚ್ಚಾಗಿ ಸಿಕ್ಕಾಗ, 1980ರಲ್ಲಿ ವಿಜ್ಞಾನಿಗಳಾದ ಆಲ್ವರೆಜ್ ತಂದೆ-ಮಗ ಮತ್ತು ಸಂಗಡಿಗರು ಇದು ಆಕಾಶದಿಂದ ಬಿದ್ದದ್ದು ಎಂದರು.

ಕೇಳಿದವರು: ತುಂಬಾ ಉಪಕಾರ ಆಯಿತು. ಕಬ್ಬಿಣವನ್ನು ಯಾವ ಮನೆಗೆ ಹಾಕಲಿ?

ಉತ್ತರ 1: ಮೂರಕ್ಕೂ. ಕೇಂದ್ರಗೋಳದಲ್ಲಿ ಲೋಹ, ಪೈರೈಟ್‌ನಲ್ಲಿ ಗಂಧಕದ ಜೊತೆ, ಬಸಾಲ್ಟ್‌ನಲ್ಲಿ ಆಕ್ಸಿಜನ್ ಜೊತೆ. ಭೂಕವಚದ ತೂಕದಲ್ಲಿ ಸುಮಾರು 46% ಆಕ್ಸಿಜನ್ನೇ ಇರುವಾಗ, ಮೇಲೆ ಉಳಿದ 5% ಕಬ್ಬಿಣ ಅದನ್ನು ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ಪರೀಕ್ಷೆಯಲ್ಲಿ ಮುಖ್ಯ ಗುಣ ಸಿಡೆರೊಫೈಲ್ ಎಂದು ಬರೆದು, ಈ ಮೂರು ಉದಾಹರಣೆ ಕೊಡಿ.